ಕಾಕೂ ಹೇಳಿದ ಹೆಸರು

ಮೊನ್ನೆ ಬೊರಿವಲಿಯ ನಮ್ಮ ಬಿಲ್ಡಿಂಗಿನ ಮೆಟ್ಟಿಲೇರುವಾಗ ಯಾರದೋ ಮನೆಯಿಂದ ಶೇಂಗಾ ಹುರಿಯುವ ವಾಸನೆ ಬಂತು. ಅಲ್ಲೇ ನಿಂತುಬಿಟ್ಟೆ... ಜೋಗೇಶ್ವರಿಯ ಚಾಳಿನಲ್ಲಿ ಪಕ್ಕದ ಖೋಲಿಯಲ್ಲಿದ್ದ ಕಾಕೂ ನೆನಪಾದರು. ವಿಜಾಪುರದ ಕಡೆಯವರು. ಅವರ ರೊಟ್ಟಿ, ಶೇಂಗಾ ಚಟ್ನಿ ತಿಂದೇ ನಾನು ಬಿ.ಕಾಂ. ಮುಗಿಸಿದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ.

ಕಾಕೂ ಗಂಡನ ಹೆಸರು ಹೇಳುತ್ತಿರಲಿಲ್ಲ. ರೇಷನ್ ಅಂಗಡಿಯವನು ಕೇಳಿದರೂ ನನ್ನ ಕಡೆ ತಿರುಗಿ, "ನೀನ ಹೇಳಪಾ, ಡಿಗ್ರಿ ಸಾಹೇಬ" ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಹೆಂಗಸರು ಪಟ್ಟು ಹಿಡಿದರೆ ಮಾತ್ರ ಒಂದು ಒಡಪು, ಅಂದರೆ ಪ್ರಾಸದ ಒಂದೆರಡು ಸಾಲು ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ಕಾಕೂ ಗಂಡ, ಅಂದರೆ ಕಾಕಾ, ದುಡಿಯುತ್ತಿದ್ದ ವರ್ಕ್‌ಶಾಪಿನಲ್ಲಿ ಸರಪಳಿ ಹರಿದು ಕಬ್ಬಿಣದ ತೊಲೆ ಅವರ ತಲೆಗೆ ಬಡಿಯಿತು. ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡಬಲ್ಲವನೆಂದು ಕಾಕೂ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ಕಾಕಾರ ಹೆಸರು ಹಿಡಿದು ಕೂಗಿದರು. ಕಣ್ಣು ತೆರೆಯಲಿಲ್ಲ. ಆಮೇಲೆ ಬೆರಳಿನ ಉಗುರಿನ ಮೇಲೆ ಪೆನ್ನಿಟ್ಟು ಒತ್ತಿದರು. ಒತ್ತಿದರು ಅಂದರೆ... ಉಗುರು ಬಿಳಿಚಿಕೊಳ್ಳುವಷ್ಟು. ಕಾಕಾ ಕೈ ಎಳೆದುಕೊಂಡರು, ಕಣ್ಣು ಮುಚ್ಚಿಯೇ ಇತ್ತು. ಕಾಕೂ ಡಾಕ್ಟರ ಮಣಿಕಟ್ಟು ಹಿಡಿದುಬಿಟ್ಟರು.

"ಬಿದ್ದವರನ್ನ ಯಾಕ ಕಾಡ್ತೀರಿ?"

ಪ್ರಜ್ಞೆ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡುವ ರೀತಿ ಅದು ಎಂದು ಡಾಕ್ಟರು ಹೇಳಿದ್ದನ್ನು ಕಾಕೂಗೆ ತಿಳಿಸಿದೆ. ಮನೆಯವರ ದನಿ ಒಮ್ಮೊಮ್ಮೆ ತಲುಪುತ್ತದಂತೆ. ಹೆಸರು ಹಿಡಿದು ಕೂಗಬೇಕಂತೆ.

ಕಾಕೂ "ರೀ..." ಎಂದರು. ಕಾಕಾ ಅಲುಗಲಿಲ್ಲ. ಕಾಕೂ ನನ್ನ ಮುಖ ನೋಡಿದರು. ಈ ಸಲ ಅವರ ಬದಲಿಗೆ ನಾನು ಹೇಳುವಂತಿರಲಿಲ್ಲ. ತಲೆಯ ಮೇಲೆ ಸೆರಗೆಳೆದುಕೊಂಡು, ಅಷ್ಟು ಜನರ ವಾರ್ಡಿನಲ್ಲಿ, ಮದುವೆ ಮನೆಯ ರಾಗದಲ್ಲೇ ಶುರುಮಾಡಿದರು.

"ಬೆಳ್ಳಿ ಬಟ್ಟಲದಾಗ ಹಾಲು ಸಕ್ಕರಿ, ನಾ ಹೆಸರ ಹೇಳ್ತೀನಿ, ಕಣ್ಣ ತೆರೀರಿ..."

ಕೊನೆಗೆ ಹೆಸರು. ಜೋರಾಗಿ.

ಕಾಕಾ ಕಣ್ಣು ತೆರೆದರು. ಅವರು ಕಾಕೂ ಮುಖವನ್ನೇ ದಿಟ್ಟಿಸಿದರು.

"ನೀವು ಯಾರ ಪೈಕಿ ಆಗಬೇಕ್ರಿ?"

ಡಾಕ್ಟರಿಗೆ ಕನ್ನಡ ಬಾರದು. ಅವರ ಮುಖ ಅರಳಿತು. ಕಣ್ಣು ತೆರೆದರು, ಮಾತಾಡಿದರು, ಬಹಳ ಒಳ್ಳೆಯ ಲಕ್ಷಣ, ಅಮ್ಮನಿಗೆ ಹೇಳಿ ಎಂದರು. ಅಷ್ಟು ಕಷ್ಟಪಟ್ಟು ಓದಿದ ನನಗೆ ಆ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಲಾಗಲಿಲ್ಲ.

ಕಾಕಾ ಮನೆಗೆ ಬಂದರು, ನಡೆದಾಡಿದರು. ಕಾಕೂ ಬಡಿಸಿದ್ದನ್ನು ಉಂಡು "ಭಾಳ ಉಪಕಾರ ಆತ್ರಿ" ಎನ್ನುತ್ತಿದ್ದರು. "ರೀ" ಎಂದರೆ ತಿರುಗುತ್ತಿರಲಿಲ್ಲ, ಹೆಸರು ಕೂಗಿದರೆ ಮಾತ್ರ. ಹೀಗಾಗಿ ಕಾಕೂ ಚಾಳಿನ ಎಲ್ಲರೆದುರು, ಸೆರಗನ್ನೂ ಎಳೆದುಕೊಳ್ಳದೆ, ದಿನವಿಡೀ ಆ ಹೆಸರು ಕೂಗಿದರು...

ಕಾಕಾ ಹೋದ ಮೇಲೆ ಕಾಕೂ ಬಾಯಲ್ಲಿ ಆ ಹೆಸರು ಮತ್ತೆ ಬರಲಿಲ್ಲ. ಈಗ ಕಾಕೂನೂ ಇಲ್ಲ. ಇಲ್ಲಿ ನಾನಾದರೂ ಅದನ್ನು ಬರೆಯೋಣವೆಂದರೆ, ಕೈ ಬರಲಿಲ್ಲ.