ಕಾಂಡ್ಲಾ ಹೊಳೆಯ ತಿರುವಿನಾಚೆ

ಆ ದಿನ ನಾನು ಅಕ್ಕನಿಗೆ ಹೇಳಿದ್ದು ಒಂದೇ ಮಾತು — "ಇದ್ದಳು." ಅದು ಸುಳ್ಳಾಗಿರಲಿಲ್ಲ. ಆದರೆ ಅದರ ಬೆನ್ನಿಗೇ ಹೇಳಬೇಕಾಗಿದ್ದ ಮಾತುಗಳನ್ನು ಬೇಕೆಂದೇ ನುಂಗಿಕೊಂಡೆ. ಅಷ್ಟರಿಂದ ಒಬ್ಬ ಒಳ್ಳೆಯ ಮನುಷ್ಯ ತನ್ನ ಹೆಂಡತಿಯ ಕಣ್ಣಿನಲ್ಲಿ ಇಂದಿಗೂ ತಪ್ಪಿತಸ್ಥನಾಗಿ ಉಳಿದಿದ್ದಾನೆ. ಆ ಮನುಷ್ಯ ನನ್ನ ಭಾವ. ಆ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ವಾಮನ ಭಾವ ಅಬುಧಾಬಿಯ ಮುಸಫ್ಫಾದಲ್ಲಿ, ಕಬ್ಬಿಣದ ಟ್ಯಾಂಕು ಪೈಪುಗಳನ್ನು ಮಾಡುವ ಒಂದು ವರ್ಕ್‌ಶಾಪಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಡಿಗ್ರಿ ಮುಗಿಸಿ ಉಡುಪಿಯ ಬೀದಿಗಳಲ್ಲಿ ಸುಮ್ಮನೆ ತಿರುಗಾಡುತ್ತಿದ್ದ ನನಗೆ ವೀಸಾ ತೆಗೆಸಿ ಕರೆಸಿಕೊಂಡವರು ಅವರೇ, ಅದೇ ಕಂಪೆನಿಯ ಸ್ಟೋರಿನಲ್ಲಿ ಕೆಲಸ ಕೊಡಿಸಿದವರೂ ಅವರೇ. ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಫ್ಲ್ಯಾಟಿನ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ವಿಮಲಕ್ಕ ಪುಟ್ಟ ಮಗಳು ಶ್ರುತಿಯೊಂದಿಗೆ ಊರಿನಲ್ಲಿದ್ದಳು. ಫ್ಯಾಮಿಲಿ ವೀಸಾ ಇನ್ನೇನು ಸಿಗುವುದರಲ್ಲಿತ್ತು. ಖಾಲಿದಿಯಾದಲ್ಲಿ ಭಾವ ಚಿಕ್ಕದೊಂದು ಮನೆ ನೋಡಿಟ್ಟಿದ್ದರು. ಬೇಸಿಗೆ ರಜೆಗೆ ತಾಯಿ ಮಗಳು ಇಬ್ಬರೂ ಬಂದು ಇಲ್ಲಿಯೇ ನಿಲ್ಲುವುದೆಂದು ಮಾತಾಗಿತ್ತು.

ಭಾವನಿಗೆ ಇದ್ದ ಹುಚ್ಚೆಂದರೆ ಗಾಳ ಹಾಕುವುದು. ಸುವರ್ಣಾ ಹೊಳೆಯ ದಡದಲ್ಲಿ ಹುಟ್ಟಿ ಬೆಳೆದವರು ಅವರು. ಚಳಿಗಾಲ ಬಂದೊಡನೆ ಆಫೀಸಿನ ಗೆಳೆಯನೊಬ್ಬನ ಸಣ್ಣ ಫೈಬರ್ ದೋಣಿ ತೆಗೆದುಕೊಂಡು ಪ್ರತಿ ಶುಕ್ರವಾರ ಬೆಳಿಗ್ಗೆ ಹೊರಡುತ್ತಿದ್ದರು. ನಗರದ ಪೂರ್ವಕ್ಕೆ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಸಮುದ್ರದ ನೀರು ಭರತದ ಹೊತ್ತಿಗೆ ಒಳಗೆ, ಇಳಿತದ ಹೊತ್ತಿಗೆ ಹೊರಗೆ ಹರಿಯುತ್ತದೆ. ಅದು ಹೊಳೆಯಲ್ಲ, ಸಮುದ್ರದ್ದೇ ಒಂದು ಕವಲು. ಭಾವ ಮಾತ್ರ ಅದನ್ನು ಹೊಳೆ ಎಂದೇ ಕರೆಯುತ್ತಿದ್ದರು.

ಒಂದು ದಿನ ಅಕ್ಕ ಫೋನಿನಲ್ಲಿ ಕೇಳಿದಳು — "ಇವರು ಶುಕ್ರವಾರ ಫೋನೇ ಮಾಡುವುದಿಲ್ಲ ಮಾರಾಯ. ಮೊದಲು ಎದ್ದ ಕೂಡಲೇ ಮಾಡ್ತಿದ್ದರು. ಕೇಳಿದರೆ ಮೀನು, ಹೊಳೆ ಅಂತ ಎಂತದೋ ಹೇಳಿ ಹಾರಿಸ್ತಾರೆ. ನೀನೂ ಜೊತೆಗೆ ಹೋಗು. ಏನೂ ಕೇಳುವುದು ಬೇಡ. ಸುಮ್ಮನೆ ನೋಡಿಕೊಂಡಿರು, ಆಯ್ತಾ?"

ನಾನು ಆಯಿತೆಂದೆ. ಅಲ್ಲಿಂದ ಶುರುವಾಯಿತು.

ನನ್ನನ್ನು ಕರೆದುಕೊಂಡು ಹೋಗಲು ಭಾವ ಬೇಡವೆನ್ನಲಿಲ್ಲ. ಆದರೆ ಒಪ್ಪುವ ಮೊದಲು ಒಂದು ಗಳಿಗೆ ತಡೆದರು — ಅಥವಾ ತಡೆದರೆಂದು ನನಗನ್ನಿಸಿತು. ಅನುಮಾನ ಹೊತ್ತುಕೊಂಡು ಹೋದವನಿಗೆ ಕಾಣುವುದೆಲ್ಲ ಹಾಗೆಯೇ. ತಂಗೂಸಿ ದಾರಕ್ಕೆ ಗಾಳ ಕಟ್ಟುವುದನ್ನು, ಸಿಗಡಿಯನ್ನು ಬಾಲದ ಕಡೆಯಿಂದ ಚುಚ್ಚುವುದನ್ನು ಅವರು ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟರು! ಮೊದಲ ಶೇರಿ ಮೀನು ನನ್ನ ಗಾಳಕ್ಕೆ ಬಿದ್ದಾಗ ನನಗಿಂತ ಹೆಚ್ಚು ಅವರೇ ಸಂತೋಷಪಟ್ಟರು. ನಾನೋ ಅವರು ಕ್ಷೌರ ಮಾಡಿಕೊಂಡು ಬಂದದ್ದನ್ನು ಗಮನಿಸುತ್ತಿದ್ದೆ. ಮೀನು ಹಿಡಿಯಲು ಹೋಗುವವನಿಗೆ ಕ್ಷೌರ ಯಾಕೆ?

ಆ ಚಳಿಗಾಲದಲ್ಲಿ ನಾನು ಕಂಡದ್ದನ್ನು ಬೇರೆ ಯಾರಾದರೂ ಕಂಡಿದ್ದರೆ ಜೀವಮಾನವಿಡೀ ಹೇಳಿಕೊಂಡು ತಿರುಗುತ್ತಿದ್ದರು. ನನ್ನ ಗಾಳದಲ್ಲಿ ಸಿಕ್ಕಿದ್ದ ಮೀನನ್ನು ದೊಡ್ಡದೊಂದು ಗಿಡುಗ ನನ್ನ ಮುಖದ ಎದುರೇ ಎರಗಿ ಕಿತ್ತುಕೊಂಡು ಹೋಯಿತು. ಕೈಯಲ್ಲಿ ತುಂಡಾದ ತಂಗೂಸಿ ಮಾತ್ರ ಉಳಿಯಿತು. ಮೊಣಕಾಲುದ್ದ ನೀರಿನಲ್ಲಿ ರಾಜಹಂಸಗಳ ಹಿಂಡು ಕೆಸರು ಕೆದಕುತ್ತ ನಿಂತಿರುತ್ತಿತ್ತು. ಒಂದು ಸಲ ಡಾಲ್ಫಿನ್‌ಗಳು ದೋಣಿಯ ಪಕ್ಕದಲ್ಲೇ ಮೈ ತೋರಿಸುತ್ತ ಸಾಗಿದವು. ಮತ್ತೊಂದು ಸಲ ಅಗಲ ಮೈಯ ತೊರಕೆ ಮೀನೊಂದು ನೀರಿನಿಂದ ಮೇಲಕ್ಕೆ ಚಿಮ್ಮಿ ಚಪ್ಪಡಿಯಂತೆ ಬಿದ್ದು ನಮ್ಮಿಬ್ಬರನ್ನೂ ಒದ್ದೆ ಮಾಡಿತು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಲೇ ಅವರ ಚೀಲದ ಬಾಯಲ್ಲಿ ಇಣುಕುತ್ತಿದ್ದ ಬಿಳಿಯ ಸ್ಕಾರ್ಫನ್ನು ನೋಡುತ್ತಿದ್ದೆ. ಅದು ಹೆಂಗಸರದ್ದು.

ಪ್ರತಿ ಸಲವೂ ಒಂದೇ ಕ್ರಮ. ಬಿಸಿಲೇರುವ ಹೊತ್ತಿಗೆ ಭಾವ ನನ್ನನ್ನು ಮರಳಿನ ದಿಬ್ಬವೊಂದರ ಮೇಲೆ ಗಾಳಗಳ ಜೊತೆ ಇಳಿಸಿ, "ಇಲ್ಲಿ ಶೇರಿ ಚೆನ್ನಾಗಿ ಬೀಳ್ತದೆ, ನೀನು ಹಾಕ್ತಾ ಇರು, ನಾನು ಆಚೆ ಒಂದು ಸುತ್ತು ನೋಡಿ ಬರ್ತೇನೆ" ಎನ್ನುತ್ತಿದ್ದರು. ದೋಣಿ ಕಾಂಡ್ಲಾ ಗಿಡಗಳ ತಿರುವಿನಾಚೆ ಮರೆಯಾಗುತ್ತಿತ್ತು. ಸ್ವಲ್ಪದರಲ್ಲೇ ಮೋಟರಿನ ಸದ್ದು ನಿಲ್ಲುತ್ತಿತ್ತು. ಬಹಳ ಹೊತ್ತಿನ ಮೇಲೆ ಮರಳುವಾಗ ಅವರ ಬಳಿ ಒಂದು ಮೀನೂ ಇರುತ್ತಿರಲಿಲ್ಲ. ಆದರೂ ಮುಖ ಅರಳಿರುತ್ತಿತ್ತು.

ಒಂದು ಗುರುವಾರ ಸಂಜೆ ಫ್ಲ್ಯಾಟಿನ ಪ್ಯಾಸೇಜಿನಲ್ಲಿ ಅವರು ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಬಾಗಿಲ ಹಿಂದೆ ನಿಂತು ಕೇಳಿದೆ — ನಾಳೆ ಅಲ್ಲಿಯೇ, ಇಲ್ಲ, ಯಾರಿಗೂ ಹೇಳಿಲ್ಲ, ಜೊತೆಗಿರುವ ಹುಡುಗನಿಗೂ ಹೇಳಿಲ್ಲ. ಅತ್ತಲಿಂದ ಬರುತ್ತಿದ್ದದ್ದು ಹೆಣ್ಣಿನ ಧ್ವನಿ.

ಆ ವಾರವೇ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಸ್ಕಾರ್ಫು, ಕ್ಷೌರ, ತಿರುವು, ಫೋನು. ಹೇಳುವಾಗ ನನಗೆ ದುಃಖವಾಯಿತೆಂದು ಬರೆಯಬಹುದಿತ್ತು. ಆದರೆ ಇಲ್ಲಿ ಸುಳ್ಳು ಬರೆಯುವುದಿಲ್ಲ. ನನಗೆ ಒಂದು ಬಗೆಯ ಹಿಗ್ಗಿತ್ತು. ಮನೆಯಲ್ಲಿ ಯಾವತ್ತೂ ಕೆಲಸಕ್ಕೆ ಬಾರದವನೆಂದು ಎನಿಸಿಕೊಂಡಿದ್ದವನ ಮಾತನ್ನು ಅಕ್ಕ ಮೊದಲ ಸಲ ದೊಡ್ಡವನ ಮಾತಿನಂತೆ ಕೇಳಿಸಿಕೊಳ್ಳುತ್ತಿದ್ದಳು. ಆಮೇಲಿನಿಂದ ಅವಳು ಭಾವನಿಗಿಂತ ಹೆಚ್ಚಾಗಿ ನನಗೇ ಫೋನ್ ಮಾಡತೊಡಗಿದಳು.

ಅಕ್ಕ ಭಾವನನ್ನು ನೇರವಾಗಿಯೇ ಕೇಳಿದಳು. ಅವರು ಏನು ಉತ್ತರಿಸಿದರೆಂದು ಅವಳೇ ನನಗೆ ಹೇಳಿದ್ದು — "ಕಡಲಹಸು ಅಂತೆ, ಸಮುದ್ರದ ಹುಲ್ಲು ತಿನ್ನುವ ಪ್ರಾಣಿಯಂತೆ. ಅದರ ಮರಿಗೆ ಹುಷಾರಿಲ್ಲ ಅಂತೆ. ಅದನ್ನು ನೋಡ್ಲಿಕ್ಕೆ ಹೋಗುವುದಂತೆ. ನನ್ನನ್ನು ಎಂತ ಅಂದುಕೊಂಡಿದ್ದಾರೆ ಇವರು?" ಭಾವ ಅವಳಿಗೆ ಒಂದು ಫೋಟೋವನ್ನೂ ಕಳಿಸಿದ್ದರು. ನೀರಿನೊಳಗೆ ಮಸುಕಾಗಿ ಕಾಣುವ ಬೂದು ಬಣ್ಣದ ಏನೋ ಒಂದು. "ಫೋಟೋ ತೆಗೆದದ್ದು ಯಾರು ಅಂತ ಕೇಳಿದೆ. ಆ ಹೆಂಗಸೇ ಅಂತೆ. ಅವಳು ತೆಗೆದ ಫೋಟೋ ನನಗೆ ಯಾಕೆ? ಹರಿದು ಹಾಕಿದೆ. ನೀನೊಮ್ಮೆ ಕಣ್ಣಾರೆ ನೋಡಿ ಬಾ ದಿನೇಶ. ನೀನು ಹೇಳಿದರೆ ನಂಬ್ತೇನೆ."

ನೀನು ಹೇಳಿದರೆ ನಂಬ್ತೇನೆ — ಆ ಮಾತಿನ ಭಾರ ನನಗೆ ಆಗ ತಿಳಿಯಲಿಲ್ಲ.

ಮುಂದಿನ ಶುಕ್ರವಾರ ಇಳಿತ ಜೋರಾಗಿತ್ತು. ಭಾವ ನನ್ನನ್ನು ದಿಬ್ಬದ ಮೇಲೆ ಬಿಟ್ಟು ಹೋದೊಡನೆ ಗಾಳಗಳನ್ನು ಮರಳಿಗೆ ಚುಚ್ಚಿ, ಸೊಂಟಮಟ್ಟದ ನೀರಿನಲ್ಲಿ ಗಿಡಗಳ ಅಂಚು ಹಿಡಿದು ನಡೆದೆ. ಕಾಂಡ್ಲಾದ ಚೂಪು ಬೇರುಗಳು ಅಂಗಾಲಿಗೆ ಚುಚ್ಚುತ್ತಿದ್ದವು. ತಿರುವಿಗೆ ಬಂದು ಕೊಂಬೆಗಳ ಸಂದಿಯಿಂದ ನೋಡಿದೆ.

ಹುಲ್ಲು ಬೆಳೆದ ತಿಳಿನೀರಿನ ಮಡುವೊಂದರಲ್ಲಿ ಎರಡು ದೋಣಿಗಳು ನಿಂತಿದ್ದವು. ಒಂದರಲ್ಲಿ ನಡುವಯಸ್ಸಿನ ಬಿಳಿಯ ಹೆಂಗಸು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕ್ಯಾಮೆರಾ ಹಿಡಿದಿದ್ದಳು. ಪಕ್ಕದಲ್ಲಿ ಕಂದೂರ ಎಂಬ ಉದ್ದನೆಯ ಬಿಳಿ ನಿಲುವಂಗಿ ತೊಟ್ಟ ಸ್ಥಳೀಯ ಅಧಿಕಾರಿಯೊಬ್ಬರು. ಇನ್ನೊಂದು ದೋಣಿಯ ಮೂತಿಯಲ್ಲಿ ಭಾವ ಬೋರಲು ಮಲಗಿ ನೀರನ್ನೇ ನೋಡುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಆಗ ನೀರಿನಿಂದ ಒಂದು ಮೂತಿ ಮೇಲೆದ್ದಿತು. ಮನುಷ್ಯರು ನಿಟ್ಟುಸಿರು ಬಿಟ್ಟಂತೆ ಉಸಿರು ಬಿಟ್ಟು ಮತ್ತೆ ಒಳಗಿಳಿಯಿತು. ಅದರ ಬೆನ್ನಿಗೆ ಅಂಟಿಕೊಂಡಂತೆ ಇನ್ನೊಂದು, ಚಿಕ್ಕದು. ಚಿಕ್ಕದರ ಬಾಲದ ಬುಡದಲ್ಲಿ ಹಗ್ಗ ಕೊರೆದ ಗಾಯ ಬಿಳಿಯ ಬಳೆಯಂತೆ ಮಾಯುತ್ತಿತ್ತು.

ನಾನು ಎಷ್ಟು ಹೊತ್ತು ನಿಂತೆನೋ. ಕಾಲು ಜಾರಿದ ಸದ್ದಿಗೆ ಭಾವ ತಲೆಯೆತ್ತಿದರು. ಸಿಟ್ಟಾಗಲಿಲ್ಲ. ಸದ್ದು ಮಾಡಬೇಡವೆಂದು ತುಟಿಗೆ ಬೆರಳಿಟ್ಟು ತೋರಿಸಿದರು, ಅಷ್ಟೇ.

ಮರಳುವ ದಾರಿಯಲ್ಲಿ ಎಲ್ಲವನ್ನೂ ಹೇಳಿದರು. ಚಳಿಗಾಲದ ಆರಂಭದಲ್ಲಿ ಯಾರೋ ಬಿಟ್ಟುಹೋಗಿದ್ದ ಹರಕು ಬಲೆಯಲ್ಲಿ ಆ ಮರಿ ಸಿಕ್ಕಿಕೊಂಡಿತ್ತು. ಭಾವ ನೀರಿಗಿಳಿದು ಚಾಕುವಿನಿಂದ ಹಗ್ಗ ಕೊಯ್ದು ಬಿಡಿಸಿದ್ದರು. ಆಮೇಲೆ ಕಡಲಪ್ರಾಣಿಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋಗಿ ತಿಳಿಸಿದ್ದರು. ಗಾಯ ಮಾಯುವ ತನಕ ಜಾಗ ಯಾರಿಗೂ ಗೊತ್ತಾಗಬಾರದು, ದೋಣಿಗಳು ಬಂದರೆ ತಾಯಿ ಗಾಬರಿಯಿಂದ ಆಳಕ್ಕೆ ಹೋಗುತ್ತದೆ ಎಂದು ಕಚೇರಿಯವರು ಭಾವನಿಂದ ಮಾತು ತೆಗೆದುಕೊಂಡಿದ್ದರು. ಸ್ಕಾರ್ಫ್ ಅದೇ ಕಚೇರಿಯಲ್ಲಿ ಕೆಲಸ ಮಾಡುವ ಆ ಹೆಂಗಸಿನದು, ದೋಣಿಯಲ್ಲಿ ಬಿದ್ದದ್ದನ್ನು ಹಿಂದಿರುಗಿಸಲು ಇಟ್ಟುಕೊಂಡಿದ್ದರು. ಕ್ಷೌರದ ಬಗ್ಗೆ ನಾನು ಕೇಳಲಿಲ್ಲ. ಭಾವ ರಜೆಯ ದಿನವೂ ಕ್ಷೌರ ಮಾಡಿಕೊಳ್ಳುವವರೇ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಜೆಟ್ಟಿ ಹತ್ತಿರ ಬಂದಾಗ ಮೋಟರ್ ನಿಲ್ಲಿಸಿದರು.

"ವಿಮಲಳಿಗೆ ಹೇಳಿದ್ದು ನೀನೇ ಅಂತ ನನಗೆ ಗೊತ್ತುಂಟು" ಎಂದರು. "ಇರಲಿ. ಅವಳ ತಮ್ಮ ನೀನು, ಅನುಮಾನ ಬಂತು, ಹೇಳಿದೆ. ಇವತ್ತು ಕಂಡದ್ದನ್ನೂ ಹೇಳು. ನನ್ನ ಮಾತು ಅವಳು ಕೇಳುವುದಿಲ್ಲ."

ಅದೇ ಸಂಜೆ ಅಕ್ಕನ ಫೋನ್ ಬಂತು. ಭಾವ ಕೋಣೆಯಲ್ಲಿರಲಿಲ್ಲ. ನಾನು ಧೈರ್ಯವಾಗಿ ಮಾತಾಡಲೆಂದು ಬೇಕೆಂದೇ ಹೊರಗೆ ಹೋಗಿದ್ದರು.

"ಹೋಗಿ ನೋಡಿದೆಯಾ?"

"ನೋಡಿದೆ."

"ಆ ಹೆಂಗಸು ಇದ್ದಳಾ?"

"ಇದ್ದಳು."

ನನಗೆ ಸಮಯವಿತ್ತು. ಲೈನು ಕಡಿದು ಹೋಗಲಿಲ್ಲ, ಯಾರೂ ಅಡ್ಡ ಬರಲಿಲ್ಲ. ಅಕ್ಕಾ, ಅಧಿಕಾರಿಯೂ ಇದ್ದರು, ಕಡಲಹಸುವೂ ಇತ್ತು, ಮರಿಯ ಗಾಯ ನಾನೇ ನೋಡಿದೆ — ಎಲ್ಲ ನಾಲಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅಷ್ಟು ದಿನ ನಾನು ವರದಿ ಮಾಡಿದ್ದೆಲ್ಲ ಮೂರ್ಖತನವಾಗುತ್ತಿತ್ತು. ಅಕ್ಕ ಬೈಯುತ್ತಿದ್ದಳು, ಆಮೇಲೆ ನಕ್ಕುಬಿಡುತ್ತಿದ್ದಳು. ನಾನು ಮತ್ತೆ ಕೆಲಸಕ್ಕೆ ಬಾರದ ತಮ್ಮನಾಗುತ್ತಿದ್ದೆ. ಇನ್ನೊಂದೂ ಇತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು — ಭಾವ ಆ ಗುಟ್ಟನ್ನು ಯಾರೋ ಪರದೇಶದ ಹೆಂಗಸಿನೊಡನೆ ಹಂಚಿಕೊಂಡರು, ಒಂದೇ ಕೋಣೆಯಲ್ಲಿ ಮಲಗುವ ನನ್ನೊಡನೆ ಅಲ್ಲ. ಅದು ನನ್ನೊಳಗೆ ಉರಿಯುತ್ತಿತ್ತು.

"ಸರಿ" ಎಂದಳು ಅಕ್ಕ. "ನೀನೊಬ್ಬನಾದರೂ ನಿಜ ಹೇಳಿದೆಯಲ್ಲ." ಫೋನ್ ಇಟ್ಟಳು.

ಹೇಳಿದೆಯಾ ಎಂದು ಭಾವ ಕೇಳಿದಾಗ ಹೇಳಿದೆ ಎಂದೆ. ಇದು ಎರಡನೆಯ ತಪ್ಪು. ಅವರು ಅದನ್ನು ನಂಬಿ, ಕೆಲವು ದಿನ ಹುರುಪಿನಿಂದ ಖಾಲಿದಿಯಾದ ಮನೆಗೆ ಪರದೆ ಯಾವ ಬಣ್ಣದ್ದು ಹಾಕುವುದೆಂದು ನನ್ನನ್ನು ಕೇಳುತ್ತಿದ್ದರು. ಬೇಸಿಗೆ ಬಂತು, ಅಕ್ಕ ಬರಲಿಲ್ಲ. ಶ್ರುತಿಯ ಶಾಲೆ, ಅತ್ತೆಯ ಆರೋಗ್ಯ, ಒಂದಲ್ಲ ಒಂದು ನೆಪ. ವೀಸಾದ ಅವಧಿ ಮುಗಿಯಿತು. ನಾನು ಏನು ಹೇಳಿರಬಹುದು, ಏನನ್ನು ಹೇಳದೆ ಬಿಟ್ಟಿರಬಹುದು ಎಂಬುದು ಭಾವನಿಗೆ ಯಾವಾಗ ತಿಳಿಯಿತೋ ಗೊತ್ತಿಲ್ಲ. ಒಮ್ಮೆಯೂ ಕೇಳಲಿಲ್ಲ. ದೋಣಿಯನ್ನು ಗೆಳೆಯನಿಗೆ ಹಿಂದಿರುಗಿಸಿದರು. ಗಾಳ ಮುಟ್ಟಿದ್ದನ್ನು ಮತ್ತೆ ನಾನು ಕಾಣಲಿಲ್ಲ. ಸ್ವಲ್ಪ ಕಾಲದಲ್ಲಿ ನಾನು ದುಬೈಗೆ ಬೇರೆ ಕೆಲಸಕ್ಕೆ ಹೋದೆ. ಅವರು ಅದೇ ಕೋಣೆಯಲ್ಲಿ ಉಳಿದರು.

ಎಷ್ಟೋ ವರ್ಷಗಳ ನಂತರ ಭಾವ ಊರಿಗೆ ಮರಳಿದರು. ಈಗ ಮಂಗಳೂರಿನ ಒಂದು ಫ್ಲ್ಯಾಟಿನಲ್ಲಿ ಇಬ್ಬರೂ ಇದ್ದಾರೆ. ಜಗಳವಿಲ್ಲ. ಔಷಧಿ, ಕರೆಂಟ್ ಬಿಲ್ಲು, ಮಾರ್ಕೆಟ್ಟು — ಬೇಕಾದಷ್ಟೇ ಮಾತು. ಹೋದ ತಿಂಗಳು ನಾನು ಅಲ್ಲಿದ್ದೆ. ಶ್ರುತಿಯ ಗಂಡನಿಗೆ ದುಬೈಯಲ್ಲಿ ಕೆಲಸ ಸಿಕ್ಕಿದ ಸುದ್ದಿ ಬಂದಿತ್ತು. ಊಟ ಮುಗಿದಾಗ ಅಕ್ಕ ಮಗಳಿಗೆ ನಮ್ಮೆಲ್ಲರ ಎದುರೇ ಹೇಳಿದಳು, "ಗಂಡನನ್ನು ಒಬ್ಬನೇ ಕಳಿಸಬೇಡ ಮಗಾ. ಕಳಿಸಿದವಳಿಗೆ ಗೊತ್ತು."

ಶ್ರುತಿ ಅಪ್ಪನ ಮುಖ ನೋಡಿದಳು. ಭಾವ ಮೆಲ್ಲನೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಅಡುಗೆಮನೆಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು. ಅಲ್ಲಿಯೇ ಹೇಳಬೇಕಿತ್ತು. ಅಲ್ಲಿಯೂ ಹೇಳಲಿಲ್ಲ.

ನಿನ್ನೆ ಭಾವನಿಗೆ ಫೋನ್ ಮಾಡಿದೆ. ಭಾನುವಾರ ಬರುತ್ತೇನೆ, ಅಕ್ಕನ ಎದುರು ಕೂತು ಆ ದಿನ ತಿರುವಿನಾಚೆ ಕಂಡದ್ದನ್ನೆಲ್ಲ ಹೇಳುತ್ತೇನೆ ಎಂದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಅವರು ಕೊಟ್ಟುಬಿಡುತ್ತಾರೆಂಬ ಭಯ.

ಭಾವ ಹೇಳಿದರು — "ಹೇಳುವುದಾದರೆ ಊಟ ಆದ ಮೇಲೆ ಹೇಳು. ಅವಳಿಗೆ ಶುಗರ್ ಉಂಟು. ಖಾಲಿ ಹೊಟ್ಟೆಯಲ್ಲಿ ಇಂಥದ್ದು ಕೇಳಿದರೆ ತಡ್ಕೊಳ್ಲಿಕ್ಕೆ ಆಗ್ಲಿಕ್ಕಿಲ್ಲ."