ಕಲಗಚ್ಚಿನ ಬಾನಿಯಲ್ಲಿ ಅರ್ಧ ಮುದ್ದೆ

ಅವಳು ನನ್ನ ದೊಡ್ಡಪ್ಪನ ಮಗಳು, ನನಗಿಂತ ಮೂರು ತಿಂಗಳಿಗೆ ದೊಡ್ಡವಳು. ಲೆಕ್ಕಕ್ಕೆ ಅಕ್ಕ ಅನ್ನಬೇಕು. ಒಂದು ದಿನವೂ ಅಂದವಳಲ್ಲ ನಾನು. ಒಂದೇ ಮನೆ, ಒಂದೇ ಒಲೆ, ಒಂದೇ ಕ್ಲಾಸು, ಒಂದೇ ಬೆಂಚು. ಮೈ ಮಾತ್ರ ಬೇರೆ ಬೇರೆ. ಅವಳು ನುಗ್ಗೇಕಾಯಿ, ನಾನು ಬೂದಗುಂಬಳ. ಈ ಹೋಲಿಕೆ ನನ್ನದಲ್ಲ, ನಮ್ಮಜ್ಜಿಯದು. "ಎರಡೂ ಸಾರಿಗೆ ಬರ್ತವೆ ಬಿಡ್ರೇ" ಅಂತ ನಗುತ್ತಿದ್ದಳು ಅಜ್ಜಿ. ನನಗೆ ನಗು ಬರುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ಕಡೆಯ ಹಳ್ಳಿ ನಮ್ಮದು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ನಾವಿಬ್ಬರೂ ಒಂಬತ್ತನೇ ಕ್ಲಾಸು. ಹೈಸ್ಕೂಲಿಗೆ ಒಂದೂವರೆ ಮೈಲಿ ನಡೆಯಬೇಕಿತ್ತು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಹೋಗುವಾಗ ಹಿಂದಿನಿಂದ ಹುಡುಗರು ಕೂಗುತ್ತಿದ್ದರು: "ರೋಡ್ ರೋಲರ್ ಬತ್ತಾ ಐತೆ, ಸೈಡ್ ಬಿಡ್ರಲೋ!" ಅವಳು ನನ್ನ ಪಕ್ಕದಲ್ಲೇ ಇರುತ್ತಿದ್ದಳು. ಅವಳಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಕೂಗಿದ ಹುಡುಗರ ಮೇಲೆ ನನಗೆ ಬರಬೇಕಾದ ಸಿಟ್ಟೆಲ್ಲ ಅವಳ ಮೇಲೆ ಬರುತ್ತಿತ್ತು. ಅದು ನ್ಯಾಯವಲ್ಲ ಅಂತ ಆಗಲೂ ಗೊತ್ತಿತ್ತು. ಹೊಟ್ಟೆಕಿಚ್ಚಿಗೆ ನ್ಯಾಯ ಎಲ್ಲಿಂದ ಬರಬೇಕು?

ಆ ವರ್ಷ ಸ್ಕೂಲಿನಲ್ಲಿ ಆರೋಗ್ಯ ತಪಾಸಣೆ ನಡೆಯಿತು. ನರ್ಸಮ್ಮ ಒಬ್ಬರು ತೂಕದ ಮೆಷಿನ್ ತಂದು ಹೊರಗೆ ಜಗುಲಿಯ ಮೇಲೆ ಇಟ್ಟರು. ಒಬ್ಬೊಬ್ಬರನ್ನೇ ಹತ್ತಿಸಿ ತೂಕವನ್ನು ಗಟ್ಟಿಯಾಗಿ ಕೂಗುವುದು, ಪಿ.ಟಿ. ಮೇಷ್ಟ್ರು ಕಾರ್ಡಿನಲ್ಲಿ ಬರೆದುಕೊಳ್ಳುವುದು. ಅವಳು ಹತ್ತಿದಳು: "ಮೂವತ್ತಾರು!" ನಾನು ಹತ್ತಿದೆ: "ಐವತ್ತೊಂಬತ್ತು!" ಮೇಷ್ಟ್ರು ಪೆನ್ನು ಎತ್ತಿ, "ಇನ್ನೊಂದ್ಸಲ ನೋಡಿ ಸಿಸ್ಟರ್, ಯಾರಾದ್ರೂ ಜೊತೇಲಿ ಹತ್ತಿರ್ಬೇಕು" ಅಂದರು. ಜಗುಲಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆದರೆ ನಾನು ನೋಡಿಬಿಟ್ಟಿದ್ದೆ.

ಮನೆಯಲ್ಲಿ ಹೇಳಿಕೊಂಡು ಅಳೋಣವೆಂದರೆ ನಮ್ಮಮ್ಮ ಊರಿನ ಬಾಲವಾಡಿಯಲ್ಲಿ ಟೀಚರು. ಎಳೆ ಮಕ್ಕಳನ್ನು ತಕ್ಕಡಿಗೆ ತೂಗುಹಾಕಿ ತೂಕ ನೋಡುವುದೇ ಅವಳ ಕೆಲಸ. ತೂಕ ಏರಿದ ಮಗು ಅಂದರೆ ಅವಳ ಪಾಲಿಗೆ ಗೆದ್ದ ಮಗು. "ಐವತ್ತೊಂಬತ್ತಾ? ಮೈ ಕೈ ತುಂಬ್ಕೊಂಡಿದೀಯ, ಅದಕ್ಯಾಕೆ ಅಳ್ತೀಯ? ಅಲ್ಲಿ ಒಂದೊಂದು ಮಗೂನ ನೋಡಿದ್ರೆ ಗೊತ್ತಾಗ್ತಿತ್ತು ನಿಂಗೆ" ಅಂದಳು. ಇಡೀ ಊರಿನ ಬಡಕಲು ಮಕ್ಕಳ ಚಿಂತೆ ಅಮ್ಮನಿಗಿತ್ತು. ನಾನು ಚಿಂತೆ ಮಾಡಬೇಕಾದ ಮಗು ಆಗಿರಲಿಲ್ಲ.

ಅದೇ ತಿಂಗಳು ಅವಳು ಖೋ ಖೋ ತಂಡಕ್ಕೆ ಸೇರಿದಳು. ತಾಲ್ಲೂಕು ಪಂದ್ಯಕ್ಕೆ ಹೋಗುವ ತಂಡ. ಮೇಷ್ಟ್ರು ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, "ಮೈ ಹಗುರ ಇದ್ರೇನೇ ಓಟ ಕಣಮ್ಮ. ಹೀಗೇ ಇರು, ಊದ್ಕೋಬೇಡ" ಅಂದರು. ಹಾಗಂದು ನನ್ನತ್ತ ಒಮ್ಮೆ ನೋಡಿದರು. ಕೆಂಪು ರಿಬ್ಬನ್ ಕಟ್ಟಿಕೊಂಡು ಅವಳು ಕಂಬ ಸುತ್ತುತ್ತಿದ್ದರೆ ನಾನು ಗೆರೆಯಾಚೆ ಕೂತು ನೋಡುತ್ತಿದ್ದೆ. ಅವಳು ಎಡವಿ ಬೀಳಲಿ ಅಂತ ಬೇಡಿಕೊಂಡಿದ್ದೇನೆ. ಬೇಡಿಕೊಂಡೆ ಅಂತ ಬರೆಯುವುದಕ್ಕೆ ಈಗ ನಾಚಿಕೆ, ಆಗ ಇರಲಿಲ್ಲ.

ನನ್ನನ್ನು ಹೆಚ್ಚು ಸುಟ್ಟದ್ದು ಬೇರೆಯೇ. ಇಬ್ಬರೂ ಉಣ್ಣುತ್ತಿದ್ದದ್ದು ಒಂದೇ ಊಟ! ಬೆಳಿಗ್ಗೆ ಒಂದು ಮುದ್ದೆ, ದೀಪ ಹಚ್ಚುವ ಹೊತ್ತಿಗೆ ಒಂದು. ನಮ್ಮ ದೊಡ್ಡಮ್ಮ, ಅಂದರೆ ಅವಳ ತಾಯಿ, ಮುದ್ದೆ ಕಟ್ಟಿದರೆ ಅಳೆದು ಮಾಡಿದಂತೆ ಎಲ್ಲವೂ ಒಂದೇ ಗಾತ್ರ. ತಟ್ಟೆಗೆ ಬಿದ್ದ ಮುದ್ದೆ ವಾಪಸ್ ಹೋಗುವಂತಿರಲಿಲ್ಲ, ಮುದ್ದೆ ಮುಗಿಯದೆ ಅನ್ನ ಬೀಳುತ್ತಿರಲಿಲ್ಲ. ಹಾಗಿದ್ದ ಮೇಲೆ ಅವಳು ತಿಂದದ್ದೆಲ್ಲ ಎಲ್ಲಿ ಹೋಗುತ್ತಿತ್ತು? ನಾನು ತಿಂದದ್ದು ಮಾತ್ರ ಯಾಕೆ ನನ್ನ ಮೈಮೇಲೇ ಕೂರುತ್ತಿತ್ತು? ದೇವರು ಒಂದೇ ಹಿಟ್ಟಿನಲ್ಲಿ ಒಬ್ಬಳಿಗೆ ಸುಣ್ಣ, ಒಬ್ಬಳಿಗೆ ಬೆಣ್ಣೆ ಇಟ್ಟನಲ್ಲ ಅನ್ನಿಸುತ್ತಿತ್ತು.

ನಾನು ಮುದ್ದೆ ಬಿಡಲು ತೀರ್ಮಾನಿಸಿದೆ. ಬೇಡ ಅನ್ನುವ ಧೈರ್ಯವಿಲ್ಲ, ಕದ್ದು ಬಿಡಬೇಕು. ಅದಕ್ಕೆ ದಾರಿ ಮನೆಯಲ್ಲೇ ಇತ್ತು. ಹಿತ್ತಲಲ್ಲಿ ಒಂದು ಕಲ್ಲಿನ ಬಾನಿ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಗಂಜಿ ಎಲ್ಲ ಅದಕ್ಕೆ, ಸೀಮೆಹಸುವಿನ ಕಲಗಚ್ಚು. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕೂತು ಉಂಡು, ಅವರವರ ತಟ್ಟೆಯನ್ನು ಹಿತ್ತಲಲ್ಲೇ ತೊಳೆದು ಆ ನೀರನ್ನೂ ಬಾನಿಗೆ ಸುರಿಯುವುದು ನಮ್ಮ ಮನೆಯ ರೂಢಿ. ತಟ್ಟೆಯನ್ನು ಒಂದು ಪಕ್ಕ ವಾಲಿಸಿದರೆ ಸಾಕು, ಮುದ್ದೆ ಸದ್ದಿಲ್ಲದೆ ಮುಳುಗುತ್ತಿತ್ತು. ಸಂಜೆ ದೊಡ್ಡಪ್ಪ ಬಾನಿಗೆ ಕೈ ಇಳಿಸಿ ಬೂಸ ಕಲಸುವಾಗ ಮುದ್ದೆ ಸಿಕ್ಕರೂ, ಅಡುಗೆಮನೆಯಲ್ಲಿ ಉಳಿದದ್ದಿರಬೇಕು ಅಂದುಕೊಂಡು ಕಿವುಚಿಬಿಡುತ್ತಿದ್ದರು. ಹೆಂಗಸರ ಒಲೆಯ ಲೆಕ್ಕ ಕೇಳುವ ಗಂಡಸಲ್ಲ ಅವರು.

ಆದರೆ ಇಡೀ ಮುದ್ದೆ ಬಿಡಲು ನನ್ನಿಂದಾಗಲಿಲ್ಲ. ಬಸ್ಸಾರಿನ ವಾಸನೆಗೆ ಬಾಯಿ ಸೋಲುತ್ತಿತ್ತು. ಅರ್ಧ ನುಂಗಿ ಅರ್ಧ ಹಾಕುತ್ತಿದ್ದೆ. ಮಧ್ಯಾಹ್ನದೊಳಗೆ ಹಸಿವು ತಲೆಗೇರಿ, ಪಾಠದ ಅಕ್ಷರಗಳು ಅಲುಗಾಡುತ್ತಿದ್ದವು, ಯಾರು ಮಾತಾಡಿಸಿದರೂ ಅಳು ಬರುತ್ತಿತ್ತು. ಸ್ಕೂಲಿಂದ ಬಂದವಳೇ ಉಗ್ರಾಣಕ್ಕೆ ನುಗ್ಗಿ, ಬಾಗಿಲ ಹಿಂದೆ ನಿಂತು ಬೆಲ್ಲ, ಕೊಬ್ಬರಿ, ಹುರಿಗಡಲೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಬಾಯಿಗೆ ತುಂಬಿಕೊಳ್ಳುತ್ತಿದ್ದೆ. ರುಚಿ ಕೂಡ ಗೊತ್ತಾಗುತ್ತಿರಲಿಲ್ಲ. ಆಮೇಲೆ ಅಲ್ಲೇ ಮೂಟೆಗೆ ಹಣೆ ಕೊಟ್ಟು ನಿಂತು ನನ್ನನ್ನು ನಾನೇ ರೋಡ್ ರೋಲರ್ ಅಂತ ಬೈದುಕೊಳ್ಳುತ್ತಿದ್ದೆ. ಹುಡುಗರು ಸ್ಕೂಲಿನ ದಾರಿಯಲ್ಲಷ್ಟೇ ಬೈಯುತ್ತಿದ್ದರು, ನಾನು ದಿನವಿಡೀ ಬೈದುಕೊಳ್ಳುತ್ತಿದ್ದೆ. ಎರಡು ತಿಂಗಳಾದರೂ ಪಾವಾಡೆಯ ಲಾಡಿ ಒಂದು ಬೆರಳಷ್ಟೂ ಒಳಕ್ಕೆ ಬರಲಿಲ್ಲ.

ಒಂದು ಸಂಜೆ ತಟ್ಟೆ ತೊಳೆಯಲು ಹಿತ್ತಲಿಗೆ ಹೋದೆ. ಬಾನಿಯ ಬಳಿ ಅವಳು ಬೆನ್ನು ತಿರುಗಿಸಿ ನಿಂತಿದ್ದಳು. ತಟ್ಟೆ ವಾಲಿಸಿದಳು. ಒಂದು ಚೂರೂ ಮುರಿಯದ ಇಡೀ ಮುದ್ದೆ ನೀರಿಗೆ ಜಾರಿತು.

ಅಯ್ಯೋ ಅನ್ನಿಸಬೇಕಿತ್ತು. ನನಗೆ ಬಂದದ್ದು ಮೊದಲಿಗಿಂತ ದೊಡ್ಡ ಹೊಟ್ಟೆಕಿಚ್ಚು. ಇದರಲ್ಲೂ ಇವಳೇ ಮುಂದೆ! ನನಗೆ ಅರ್ಧ ಬಿಡಲು ಪ್ರಾಣ ಹೋಗುತ್ತದೆ, ಇವಳು ಇಡೀ ಮುದ್ದೆ ಬಿಡುತ್ತಾಳೆ. ದೇವರು ಕೊಟ್ಟದ್ದು ಅಂತ ಎರಡು ವರ್ಷ ನಾನು ಅಸೂಯೆಪಟ್ಟ ಮೈ ಮೋಸದ್ದು. ಇವಳ ಗುಟ್ಟು ನನ್ನ ಕೈಯಲ್ಲಿದೆ ಅನ್ನುವ ಸಂತೋಷವೂ ಸ್ವಲ್ಪ ಇತ್ತು, ಸುಳ್ಳೇಕೆ?

ಆಮೇಲೆ ಅವಳನ್ನು ಗಮನಿಸತೊಡಗಿದೆ. ಜಡೆ ಹಾಕುವಾಗ ಬಾಚಣಿಗೆಯಲ್ಲಿ ಕೂದಲು ಉಂಡೆ ಉಂಡೆ ಬರುತ್ತಿತ್ತು. ಪ್ರಾರ್ಥನೆಗೆ ನಿಂತಾಗ ಮುಂದಿನವಳ ಭುಜ ಹಿಡಿದುಕೊಳ್ಳುತ್ತಿದ್ದಳು. ನಗುವುದು ಕಡಿಮೆಯಾಗಿತ್ತು. ಮೊದಲು ದಾರಿಯುದ್ದಕ್ಕೂ ವಟವಟ ಅನ್ನುತ್ತಿದ್ದವಳು ಈಗ ಮಾತಾಡಿಸಿದರೆ "ಸುಮ್ನೆ ಬಾರೇ, ಸುಸ್ತು" ಅನ್ನುತ್ತಿದ್ದಳು. ಮೇಷ್ಟ್ರು ಮಾತ್ರ ಅವಳ ಬೆನ್ನು ತಟ್ಟುತ್ತಲೇ ಇದ್ದರು. ನಾನು ಮನೆಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಎಲ್ಲರೂ ಅವಳ ಸುತ್ತ ಸೇರುತ್ತಾರೆ ಅಂತ ಗೊತ್ತಿತ್ತು. ಅವಳ ಸುತ್ತ ಜನ ಸೇರುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಕೊನೆಗೆ ಹೇಳಿದ್ದು ಹಸು. ದೊಡ್ಡಪ್ಪ ಹೊಸಕೋಟೆ ಕಡೆ, ಅನುಗೊಂಡನಹಳ್ಳಿಯ ನೆಂಟರ ಮದುವೆಗೆ ಹೋದವರು ಒಂದು ವಾರ ಅಲ್ಲೇ ಉಳಿದರು. ಆ ವಾರ ಬಾನಿಗೆ ಕೈ ಇಳಿಸುವವರಿಲ್ಲ. ಅಜ್ಜಿ ಮೇಲಿನ ನೀರನ್ನಷ್ಟೇ ಬಕೆಟ್ಟಿನಲ್ಲಿ ತೋಡಿ ಹಸುವಿಗೆ ಇಡುತ್ತಿದ್ದಳು. ಮುದ್ದೆಗಳು ತಳದಲ್ಲಿ ಸೇರಿ ಹುಳಿಯಾದವು. ಭಾನುವಾರ ಬೆಳಿಗ್ಗೆ ಹಸು ಹಗ್ಗ ಕಿತ್ತುಕೊಂಡು ಬಂದು ಬಾನಿಗೆ ಮೂತಿ ಹಾಕಿ ತಳದಲ್ಲಿ ಸಿಕ್ಕಷ್ಟನ್ನೂ ತಿಂದಿತು. ಹನ್ನೊಂದು ಗಂಟೆಯ ಹೊತ್ತಿಗೆ ಹೊಟ್ಟೆ ಉಬ್ಬಿ, ನಾಲಿಗೆ ಚಾಚಿ ಮಲಗಿಬಿಟ್ಟಿತು.

ತೂಬಗೆರೆಯಿಂದ ದನದ ಡಾಕ್ಟರು ಮೊಪೆಡ್ಡಿನಲ್ಲಿ ಬಂದರು. ಹೊಟ್ಟೆ ತಟ್ಟಿ ನೋಡಿ, ಬಾಯಿ ಮೂಸಿ, "ಹಿಟ್ಟು ತಿಂದಿದೆ, ಬೇಯಿಸಿದ ಹಿಟ್ಟು. ಯಾರು ಕೊಟ್ಟಿದ್ದು ಇಷ್ಟೊಂದು?" ಅಂದರು. ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸಿ, ಹಸು ಎದ್ದು ನಿಲ್ಲುವವರೆಗೂ ಕೂತಿದ್ದು ಹೋದರು. ಹಸು ಬದುಕಿತು. ಆದರೆ ಅಜ್ಜಿ ಬಿಡುವವಳಲ್ಲ. ಸೆರಗು ಸಿಕ್ಕಿಸಿಕೊಂಡು ಬಾನಿಗೆ ಮೊಣಕೈವರೆಗೆ ಕೈ ಇಳಿಸಿದಳು. ಹಸು ತಿಂದು ಮಿಕ್ಕಿದ್ದ ನಾಲ್ಕೈದು ಮುದ್ದೆ ತೆಗೆದು ಕಲ್ಲಿನ ಮೇಲಿಟ್ಟಳು. ಕೆಲವು ಇಡಿಯವು, ಕೆಲವು ಅರ್ಧ.

"ಅನ್ನ ಬಿಸಾಕೋ ಅಷ್ಟು ಕೊಬ್ಬು ಯಾರಿಗ್ ಬಂದೈತೆ ಈ ಮನೇಲಿ?"

ಅವಳು ನೆಲ ನೋಡುತ್ತ ನಿಂತಳು. ನಾನು ಕೈ ಎತ್ತಿ ಅವಳನ್ನು ತೋರಿಸಿದೆ. "ಇವ್ಳೇ ಅಜ್ಜಿ. ನಾನ್ ನೋಡಿದೀನಿ. ದಿನಾ ಹಾಕ್ತಾಳೆ."

ಬೈಗುಳ ಬೀಳುತ್ತದೆ ಅಂತ ಕಾದೆ. ಬೀಳಲಿಲ್ಲ. ದೊಡ್ಡಮ್ಮ ಅವಳ ರಟ್ಟೆ ಹಿಡಿದಳು. ಹಿಡಿದ ಬೆರಳುಗಳು ಸುತ್ತಿ ಒಂದಕ್ಕೊಂದು ತಾಗಿದವು. ಅದನ್ನು ಆಗಲೇ ಮೊದಲ ಸಲ ಕಂಡವಳಂತೆ ದೊಡ್ಡಮ್ಮ "ಅಯ್ಯೋ ನನ್ ಕಂದಾ" ಅಂತ ಅಲ್ಲೇ ಕುಸಿದು ಕೂತು ಅಳತೊಡಗಿದಳು. ನಮ್ಮಮ್ಮ ಓಡಿ ಬಂದು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿ ನೋಡಿದಳು. ದಿನಾ ಬಾಲವಾಡಿಯ ಮಕ್ಕಳನ್ನು ನೋಡುವ ಕಣ್ಣಿನಿಂದ ನೋಡಿ, "ನಮ್ಮನೇಲೇ ಇಟ್ಕೊಂಡು ನಂಗೆ ಗೊತ್ತಾಗ್ಲಿಲ್ವಲ್ಲ" ಅಂದಳು. ಎಲ್ಲರೂ ಅವಳ ಸುತ್ತ ಸೇರಿಬಿಟ್ಟರು.

ಆಗ ನನಗೆ ತಡೆಯಲಾಗಲಿಲ್ಲ. "ನಾನೂ ಹಾಕ್ತೀನಿ" ಅಂದೆ. "ನಾನೂ ದಿನಾ ಹಾಕ್ತೀನಿ. ಎರಡು ತಿಂಗಳಿಂದ."

ಅಜ್ಜಿ ನನ್ನನ್ನು ಕಾಲಿಂದ ತಲೆವರೆಗೆ ನೋಡಿದಳು. "ನೀನಾ? ನಿನ್ ನೋಡಿದ್ರೇ ಗೊತ್ತಾಗುತ್ತಲ್ಲಮ್ಮ!" ಅಷ್ಟು ಅಳುವಿನ ನಡುವೆಯೂ ದೊಡ್ಡಮ್ಮನಿಗೆ ನಗು ಬಂತು. ಅಮ್ಮನೂ ನಕ್ಕಳು, "ಅವ್ಳನ್ನ ಬೈತಾರೆ ಅಂತ ತನ್ನ ಮೇಲೆ ಹಾಕ್ಕೊತಾ ಇದೆ, ಪಾಪ, ಒಳ್ಳೆ ಮಗು" ಅಂತ ನನ್ನ ತಲೆ ಸವರಿದಳು. ನಾನು ದೊಡ್ಡಮ್ಮನ ಪಕ್ಕ ನಿಂತಿದ್ದ ಅವಳ ಮುಖ ನೋಡಿದೆ. ನಿಜ ಗೊತ್ತಿದ್ದರೆ ಅವಳೊಬ್ಬಳಿಗೆ ಗೊತ್ತಿರಬೇಕು. ಅವಳು ಬಾಯಿ ಬಿಡಲಿಲ್ಲ.

ಮಾರನೇ ದಿನದಿಂದ ದೊಡ್ಡಮ್ಮ ಅವಳನ್ನು ಒಲೆಯ ಪಕ್ಕ ಕೂರಿಸಿಕೊಂಡು ತಾನೇ ತಿನ್ನಿಸತೊಡಗಿದಳು. ಬಿಸಿ ಮುದ್ದೆ ಮುರಿದು, ತುಪ್ಪಕ್ಕೆ ಅದ್ದಿ, ಸಾರಿನಲ್ಲಿ ಹೊರಳಿಸಿ, ಒಂದೊಂದೇ ಕೈತುತ್ತು. "ಇದೊಂದು ನನ್ ರಾಣಿ. ಇನ್ನೊಂದೇ ಒಂದು." ಆಸ್ಪತ್ರೆಯ ಡಾಕ್ಟರು ಬರೆದ ಟಾನಿಕ್ಕು, ದಿನಕ್ಕೊಂದು ಮೊಟ್ಟೆ. ಖೋ ಖೋ ಬಿಡಿಸಿದರು. ದೊಡ್ಡಪ್ಪ ಸ್ಕೂಲಿಗೇ ಹೋಗಿ ಮೇಷ್ಟ್ರಿಗೆ ಜೋರು ಮಾಡಿ ಬಂದರು. ಅವಳು ಮೊದಮೊದಲು ಅಳುತ್ತ ನುಂಗುತ್ತಿದ್ದಳು, ಬರುಬರುತ್ತ ಸುಮ್ಮನೆ ನುಂಗಿದಳು, ಮೂರು ತಿಂಗಳಿಗೆ ಮತ್ತೆ ವಟವಟ ಶುರುವಾಯಿತು. ನಾನು ಎದುರಿನ ಗೋಡೆಗೆ ಒರಗಿ ನನ್ನ ತಟ್ಟೆಯಲ್ಲಿ ನಾನೇ ಉಣ್ಣುತ್ತಿದ್ದೆ. ಅವಳ ಮೈಯ ಮೇಲಿದ್ದ ಹೊಟ್ಟೆಕಿಚ್ಚು ಈಗ ಅವಳ ಬಾಯಿಗೆ ಹೋಗುವ ತುತ್ತಿನ ಮೇಲೆ ತಿರುಗಿತ್ತು. ನನಗೂ ಒಂದು ತುತ್ತು ಅಂತ ಕೇಳಬಹುದಿತ್ತು. ನನ್ನ ಗಾತ್ರದವಳು ಹಾಗೆ ಕೇಳಿದರೆ ನಗುತ್ತಾರೆ ಅಂತ ಕೇಳಲಿಲ್ಲ. ಮುದ್ದೆಯ ಅರ್ಧ, ಈಗ ತಟ್ಟೆಯ ನೀರಲ್ಲೇ ಕದಡಿ, ಬಾನಿಗೆ ಹೋಗುವುದು ಆಮೇಲೆಯೂ ಒಂದು ವರ್ಷ ನಡೆಯಿತು. ಹುಡುಕಲು ಯಾರಿಗೂ ತೋಚಲಿಲ್ಲ.

ಮೊನ್ನೆ ದೊಡ್ಡಬಳ್ಳಾಪುರದಲ್ಲಿ ಅವಳ ಮನೆಗೆ ಹೋಗಿದ್ದೆ. ಈಗ ಇಬ್ಬರ ತಲೆಯೂ ನರೆತಿದೆ, ಮೈಯೂ ಹೆಚ್ಚು ಕಡಿಮೆ ಸಮವಾಗಿದೆ. ಮುದ್ದೆ, ಹಿತಕಿದ ಬೇಳೆ ಸಾರು. ಉಣ್ಣುತ್ತ, ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಬಾನೀಲಿ ನಾನೂ ಹಾಕ್ತಿದ್ದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಅರ್ಧ ಇದ್ದವೆಲ್ಲ ನಿನ್ನವು ಕಣೇ. ನಾನು ಮುಟ್ತಾನೇ ಇರ್ಲಿಲ್ವಲ್ಲ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

ಅವಳು ಸಾರಿನ ಸೌಟನ್ನು ಪಾತ್ರೆಯಲ್ಲಿ ಸುಮ್ಮನೆ ಆಡಿಸಿದಳು. "ಹೇಳಿದ್ರೆ ಅಮ್ಮ ನಿನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ತಿನ್ನಿಸೋಳು. ನಂಗದು ಬೇಡವಾಗಿತ್ತು. ಮೊದ್ಲೇ ನೀನಂದ್ರೆ ಅವ್ಳಿಗೆ ಪ್ರಾಣ. ‘ಆ ಮಗು ಉಣ್ಣೋದು ನೋಡು, ಬೇಯಿಸಿ ಹಾಕೋ ಕೈಗೆ ಎಷ್ಟು ಸಂತೋಷ, ನೀನೂ ಇದೀಯ’ ಅಂತ ದಿನಾ ನಂಗೆ ಚುಚ್ಚೋಳು. ನಿನ್ನ ಕಂಡ್ರೆ ಎಷ್ಟು ಉರೀತಿತ್ತು ಗೊತ್ತಾ ನಂಗೆ?"

ನನಗೆ ಗೊತ್ತಿರಲಿಲ್ಲ. ದೊಡ್ಡಮ್ಮ ತೀರಿಕೊಂಡು ಹತ್ತು ವರ್ಷವಾಯಿತು. ನನ್ನೆದುರು ಒಂದು ಸಲವೂ ಆ ಮಾತು ಆಡಿದವಳಲ್ಲ. ಆಗಲೇ ಯಾರಾದರೂ ನನಗದನ್ನು ಹೇಳಿದ್ದಿದ್ದರೆ, ಆ ಇನ್ನರ್ಧ ಮುದ್ದೆಯನ್ನೂ ತಿಂದುಬಿಡುತ್ತಿದ್ದೆ.