ಚಿಕ್ಕಮ್ಮನ ಶೇಷಾಧಿಕಾರ

ನಾನು ಪಾಠ ಹೇಳುವ ಟ್ಯುಟೋರಿಯಲ್ ಇರುವುದು ಸರಸ್ವತಿಪುರಂನ ಒಂದು ದರ್ಜಿ ಅಂಗಡಿಯ ಮೇಲೆ. ಇವತ್ತು ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಹೊಲಿಗೆ ಯಂತ್ರಕ್ಕೆ ಬಿಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಭಾರತ, ಅಮೆರಿಕಗಳ ಒಕ್ಕೂಟ ವ್ಯವಸ್ಥೆಯ ಪಾಠಕ್ಕೆಂದು ಹೊರಟವನು ಮನಸ್ಸಿನಲ್ಲೇ ಒಂಟಿಕೊಪ್ಪಲಿನ ಅಜ್ಜಿಮನೆಗೆ ಹೋಗಿಬಿಟ್ಟೆ. ಮೇಷ್ಟ್ರುಗಳ ತಲೆಯೇ ಹೀಗೆ, ನೀವು ಮನ್ನಿಸಬೇಕು.

ಆ ಮನೆಯೂ ಒಂದು ಒಕ್ಕೂಟವೇ. ಕೆಳಗೆ ದೊಡ್ಡಮ್ಮನ ಅಡುಗೆಮನೆ, ಮಹಡಿಯಲ್ಲಿ ಚಿಕ್ಕಮ್ಮನದು. ಸಾರಿಗೆ ಹುಣಸೆಹಣ್ಣು ಎಷ್ಟೆಂಬುದು ಆಯಾ ಸೊಸೆಯ ಹಕ್ಕು. ಹಬ್ಬ, ಮದುವೆ, ನೆಂಟರಿಷ್ಟರು ಅಜ್ಜಿಯ ಖಾತೆ. ಹುಳಿಪುಡಿ ಮಾತ್ರ ಮೂವರೂ ಸೇರಿ ಮಾಡಿಸುತ್ತಿದ್ದರು. ಮೆಣಸಿನಕಾಯಿಯ ವಿಷಯಕ್ಕೆ ಜಗಳ ಬಂದರೆ ಅಜ್ಜಿಯ ಮಾತೇ ನಡೆಯುತ್ತಿತ್ತು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದಲು ಅಲ್ಲಿ ಉಳಿದುಕೊಂಡಿದ್ದ ನಾನು, ಕೇಂದ್ರ ರಾಜ್ಯ ಎರಡಕ್ಕೂ ಹಕ್ಕಿರುವ ಸಮವರ್ತಿ ಪಟ್ಟಿಯನ್ನು ಆ ಮೆಣಸಿನಕಾಯಿಯಿಂದಲೇ ಚೆನ್ನಾಗಿ ಕಲಿತೆ.

ಮಹಡಿಯ ಕೋಣೆಯಲ್ಲಿ ಬೀದಿಯ ಹೆಂಗಸರಿಗೆ ಹೊಲಿಗೆ ಕಲಿಸಬೇಕೆಂದು ಚಿಕ್ಕಮ್ಮನಿಗೆ ಬಹಳ ಆಸೆ. ತವರಿನಿಂದ ಯಂತ್ರವೂ ಬಂತು. ಅಜ್ಜಿ ಬೇಡವೆಂದರು. ಇಂಥದ್ದು ಯಾರ ಹಕ್ಕು ಎಂದು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

"ಯಾರ ಪಾಲಿಗೂ ಸೇರದೆ ಉಳಿದಿದ್ದು ಯಾರಿಗೋ?" ಎಂದು ಚಿಕ್ಕಮ್ಮ ನನ್ನನ್ನು ಕೇಳಿದರು.

"ಅದಕ್ಕೆ ಶೇಷಾಧಿಕಾರ ಅಂತಾರೆ ಚಿಕ್ಕಮ್ಮ. ನಮ್ಮಲ್ಲಿ ಕೇಂದ್ರಕ್ಕೆ. ಅಮೆರಿಕದಲ್ಲಿ ರಾಜ್ಯಗಳಿಗೆ, ಜನರಿಗೆ."

"ನಂಗೆ ಅಮೆರಿಕಾನೇ ಇರ್ಲಿ ಬಿಡು."

ಸಂಜೆ ಅಮೆರಿಕವನ್ನು ತಂದು ಅಜ್ಜಿಯ ಮುಂದಿಟ್ಟೇಬಿಟ್ಟರು. ಅಜ್ಜಿ ಹೂ ಕಟ್ಟುವುದನ್ನು ನಿಲ್ಲಿಸದೆ ನನ್ನತ್ತ ತಿರುಗಿದರು.

"ಅಲ್ಲಿ ಮೊದ್ಲು ಇದ್ದಿದ್ದು ಯಾರೋ, ಕೇಂದ್ರವೋ ರಾಜ್ಯಗಳೋ?"

"ರಾಜ್ಯಗಳು ಅಜ್ಜಿ. ಅವೇ ಸೇರಿ ಕೇಂದ್ರ ಮಾಡ್ಕೊಂಡ್ವು."

ಅಜ್ಜಿ ಸೊಸೆಯ ಕಡೆ ನೋಡಿದರು. "ಇಲ್ಲಿ ಮೊದ್ಲು ಬಂದೋಳು ನಾನು ಕಣಮ್ಮ."

ಇಷ್ಟು ಚೊಕ್ಕ ಉತ್ತರವನ್ನು ನಾನು ಯಾವ ಪರೀಕ್ಷೆಯಲ್ಲೂ ಬರೆದವನಲ್ಲ. ದೊಡ್ಡಮ್ಮ ಸೆರಗು ಅಡ್ಡ ಹಿಡಿದು ನಕ್ಕರು. ಚಿಕ್ಕಮ್ಮ ಮೆಟ್ಟಿಲ ಬಳಿ ನಿಂತು ಮತ್ತೆ ನನ್ನನ್ನೇ ಕೇಳಿದರು.

"ಅಮೆರಿಕದಲ್ಲಿ ಒಂದು ರಾಜ್ಯಕ್ಕೆ ಸಾಕಾಯ್ತು ಅಂದ್ರೆ ಬಿಟ್ಟು ಹೋಗ್ಬೋದೇನೋ?"

"ಇಲ್ಲ ಚಿಕ್ಕಮ್ಮ. ಸೇರಿದ ಮೇಲೆ ಮುಗೀತು."

"ಇಲ್ಲಿ?"

"ಇಲ್ಲೂ ಇಲ್ಲ."

"ಮತ್ತೆ ಅಷ್ಟು ದಪ್ಪ ಪುಸ್ತಕ ಯಾಕೋ ಓದ್ತೀಯ?" ಎಂದು ಮಹಡಿ ಹತ್ತಿ ಹೋದರು. ಹೊಲಿಗೆ ತರಗತಿ ಶುರುವಾಗಲೇ ಇಲ್ಲ. ಆ ಯಂತ್ರದಲ್ಲಿ ಮನೆಯವರ ರವಿಕೆ, ದಿಂಬಿನ ಕವರುಗಳಷ್ಟೇ ತಯಾರಾದವು.

ಇವತ್ತು ಬೋರ್ಡಿನ ಮೇಲೆ ವ್ಯತ್ಯಾಸಗಳನ್ನೆಲ್ಲ ಬರೆದು, ಕೊನೆಗೆ 'ಎರಡರಲ್ಲೂ ಬಿಟ್ಟುಹೋಗುವ ಹಕ್ಕಿಲ್ಲ' ಎಂದು ಬರೆದೆ. ಪ್ರತಿ ವರ್ಷ ಬರೆಯುವ ಸಾಲೇ. ಒಂದು ಅಂಕಕ್ಕೆ ಕೇಳಬಹುದು ಎಂದು ಹೇಳಿ ಮುಂದೆ ಹೋಗುವುದು ರೂಢಿ. ಇವತ್ತು ಯಾಕೋ ಮುಂದೆ ಹೋಗಲಾಗಲಿಲ್ಲ. ಚಿಕ್ಕಮ್ಮನನ್ನು ನೆನೆದು ಸಂಕಟವಾಯಿತು.

"ಇದು ಇಂಪಾರ್ಟೆಂಟಾ ಸಾರ್?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಹೌದಮ್ಮ," ಎಂದೆ.